ಹೊಡೆತವನ್ನು ಮೊದಲು ಮನಸ್ಸಿನಲ್ಲಿ ಕಾಣುವುದು: ಗಾಲ್ಫ್ ಆಡುವವರ ಅನುಭವ ಬೇಕು

ಪ್ರಶ್ನೆ: ನಮಸ್ಕಾರ. ಡ್ರೈವಿಂಗ್ ರೇಂಜ್‌ ಎಂಬ ಅಭ್ಯಾಸದ ಮೈದಾನದಲ್ಲಿ, ಸೆವೆನ್ ಐರನ್ ಎಂಬ ಕ್ಲಬ್ಬಿನಿಂದ (ಗಾಲ್ಫ್ ಕೋಲಿನಿಂದ) ನನ್ನ ಹೊಡೆತಗಳು ನೇರವಾಗಿಯೇ ಹೋಗುತ್ತವೆ. ಕೋರ್ಸಿನಲ್ಲಿ ಎದುರಿಗೆ ಕೆರೆ ಕಂಡೊಡನೆ ಅದೇ ಹೊಡೆತ ಬಲಕ್ಕೆ ತಿರುಗಿ ನೀರಿಗೆ ಬೀಳುತ್ತದೆ. ಹೊಡೆಯುವ ಮೊದಲು ವಿಶುವಲೈಸೇಶನ್ ಮಾಡಿ, ಅಂದರೆ ಹೊಡೆತವನ್ನು ಮನಸ್ಸಿನಲ್ಲೇ ಕಾಣಿರಿ ಎಂದು ತರಬೇತುದಾರರು ಹೇಳುತ್ತಾರೆ. ಆದರೆ ಕಣ್ಣು ಮುಚ್ಚಿದರೂ ನನಗೆ ಕಾಣುವುದು ಆ ಕೆರೆಯೇ. ಇದನ್ನು ರೂಢಿಸಿಕೊಂಡವರು ದಯವಿಟ್ಟು ತಿಳಿಸಿ.

ಮೊದಲ ಉತ್ತರ: ಸರ್, ಕೆರೆಯನ್ನು ಮನಸ್ಸಿನಿಂದ ಅಳಿಸಲು ಹೋಗಬೇಡಿ, ಆ ಜಾಗಕ್ಕೆ ಬೇರೊಂದು ಚಿತ್ರವನ್ನು ತರಬೇಕು. ‘ನೀರಿಗೆ ಹಾಕಬಾರದು’ ಎಂದುಕೊಂಡಾಗಲೂ ಮನಸ್ಸಿಗೆ ಬರುವುದು ನೀರೇ. 1985ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಪಟ್ (ಚೆಂಡನ್ನು ನೆಲದ ಮೇಲೆ ಗುಳಿಯತ್ತ ಉರುಳಿಸುವ ಮೆಲುಹೊಡೆತ) ಗುಳಿಗೆ ಬೀಳುವುದನ್ನು ಕಲ್ಪಿಸಿಕೊಂಡವರ ಆಟ ಸುಧಾರಿಸಿತು, ತಪ್ಪಿಹೋಗುವುದನ್ನು ಕಲ್ಪಿಸಿಕೊಂಡವರ ಆಟ ಕೆಟ್ಟಿತು.

ಮೇಜರ್ ಎಂಬ ಗಾಲ್ಫಿನ ಅತಿ ದೊಡ್ಡ ಪಂದ್ಯಾವಳಿಗಳಲ್ಲಿ ಹದಿನೆಂಟು ಪ್ರಶಸ್ತಿಗಳನ್ನು ಗೆದ್ದ ಜ್ಯಾಕ್ ನಿಕ್ಲಾಸ್ ತಮ್ಮ ಕ್ರಮವನ್ನು ವಿವರವಾಗಿ ಬರೆದಿದ್ದಾರೆ. ಅವರು ಮೊದಲು ಕಾಣುತ್ತಿದ್ದುದು ಚೆಂಡು ಹಸಿರು ಹುಲ್ಲಿನ ಮೇಲೆ ನಿಂತಿರುವ ಜಾಗವನ್ನು, ಆಮೇಲೆ ಅದು ಅಲ್ಲಿಗೆ ಹಾರಿಬರುವ ದಾರಿಯನ್ನು, ಕೊನೆಗೆ ಆ ದಾರಿಗೆ ತಕ್ಕ ತಮ್ಮ ಸ್ವಿಂಗನ್ನು, ಅಂದರೆ ಕ್ಲಬ್ ಬೀಸುವ ರೀತಿಯನ್ನು. ಅಭ್ಯಾಸದ ಹೊಡೆತಕ್ಕೂ ಅವರು ಇದನ್ನು ಬಿಡುತ್ತಿರಲಿಲ್ಲ. ನಮ್ಮಲ್ಲಿ ಹೆಚ್ಚಿನವರು ಸ್ವಿಂಗಿನಿಂದ ಆರಂಭಿಸುವುದರಿಂದಲೇ ತೊಡಕಾಗುತ್ತದೆ ಎಂಬುದು ನನ್ನ ಅಭಿಪ್ರಾಯ: ಮೊಣಕೈ, ಭುಜ, ಸೊಂಟ ಎಂದು ಯೋಚಿಸುತ್ತಾ ನಿಂತವನಿಗೆ ಚೆಂಡು ಎಲ್ಲಿ ನಿಲ್ಲಬೇಕೆಂಬುದೇ ಗೊತ್ತಿರುವುದಿಲ್ಲ, ಆಗ ಎದುರಿಗೆ ಎದ್ದು ಕಾಣುವ ಕೆರೆಯೇ ಗುರಿಯಾಗಿಬಿಡುತ್ತದೆ.

ನಾನು ಚೆಂಡಿನ ಹಿಂದೆ ನಿಂತು, ಗ್ರೀನ್ ಎಂಬ, ಗುಳಿಯ ಸುತ್ತಲಿನ ಇಡೀ ಹಸಿರನ್ನಲ್ಲ, ಅದರೊಳಗಿನ ಒಂದು ಚಿಕ್ಕ ತಾಣವನ್ನು, ಉದಾಹರಣೆಗೆ ಬಂಕರ್ (ಮರಳಿನ ಹಳ್ಳ) ಅಂಚಿನಿಂದ ಒಳಗೆ ಸ್ವಲ್ಪ ತಿಳಿಬಣ್ಣಕ್ಕೆ ತಿರುಗಿದ ಹುಲ್ಲನ್ನು, ಆರಿಸಿಕೊಳ್ಳುತ್ತೇನೆ. ಚೆಂಡು ಅಲ್ಲಿ ಬಿದ್ದು ಒಮ್ಮೆ ಪುಟಿದು ನಿಲ್ಲುವುದನ್ನು ಕಂಡ ಮೇಲೆ, ಅದೇ ಗೆರೆಯಲ್ಲಿ ಚೆಂಡಿಗೆ ಒಂದೆರಡು ಅಡಿ ಮುಂದಿರುವ ಒಣ ಎಲೆಯನ್ನೋ ಹಳೆಯ ಡಿವಟ್ಟನ್ನೋ (ಕ್ಲಬ್ ತಗಲಿ ಹುಲ್ಲು ಕಿತ್ತುಹೋದ ಗುರುತು) ಗುರುತಿಟ್ಟುಕೊಂಡು, ಕ್ಲಬ್ಬಿನ ಮುಖವನ್ನು ಅದಕ್ಕೆ ನೇರ ಮಾಡಿ ನಿಲ್ಲುತ್ತೇನೆ. ಚಿತ್ರ ಮಸುಕಾದರೆ ಹಿಂದೆ ಸರಿದು ಮತ್ತೆ ನೋಡುತ್ತೇನೆ.

ಎರಡನೆಯ ಉತ್ತರ: ಮೇಲಿನ ಮಾತಿಗೆ ನನ್ನ ಪಟಿಂಗ್ ಅನುಭವವನ್ನು ಸೇರಿಸುತ್ತೇನೆ. ಗುಳಿಯ ಅಗಲ 108 ಮಿಲಿಮೀಟರ್. ಇಳಿಜಾರಿನಲ್ಲಿ ಚೆಂಡು ಅದರ ಯಾವ ಅಂಚಿನಿಂದ ಒಳಗೆ ಜಾರುತ್ತದೆ ಎಂಬುದನ್ನು ನಾನು ಮೊದಲು ನಿರ್ಧರಿಸಿ, ಅಲ್ಲಿಂದ ಹಿಂದಕ್ಕೆ ಚೆಂಡಿನವರೆಗೆ ದಾರಿಯನ್ನು ಬಿಡಿಸಿಕೊಳ್ಳುತ್ತೇನೆ. ಚಿತ್ರ ನಿಜವಾದ ವೇಗದಲ್ಲೇ ಓಡಬೇಕು: ಕೊನೆಯ ಒಂದು ಅಡಿಯಲ್ಲಿ ಚೆಂಡು ನಿಧಾನವಾಗಿ ಇಳಿಜಾರಿನ ಕಡೆಗೆ ಬಾಗುವುದು ಕಾಣದಿದ್ದರೆ, ಎಷ್ಟು ಬಲ ಹಾಕಬೇಕೆಂಬುದು ಕೈಗೆ ತಿಳಿಯುವುದಿಲ್ಲ.

ಮನೆಯಲ್ಲಿ ಅಭ್ಯಾಸ ಮಾಡುವುದಾದರೆ ಸೋಫಾದ ಮೇಲೆ ಮಲಗಿ ಮಾಡಬೇಡಿ. ಪಾಲ್ ಹೋಮ್ಸ್ ಮತ್ತು ಡೇವಿಡ್ ಕಾಲಿನ್ಸ್ ಎಂಬ ಕ್ರೀಡಾ ಮನೋವಿಜ್ಞಾನಿಗಳು 2001ರಲ್ಲಿ ಮುಂದಿಟ್ಟ ಪೆಟ್‌ಲೆಪ್ ಎಂಬ ಮಾದರಿಯ ತಿರುಳೇ, ಕಲ್ಪನೆ ನಿಜವಾದ ಆಟಕ್ಕೆ ಆದಷ್ಟು ಹತ್ತಿರವಿರಬೇಕು ಎಂಬುದು. ಆದ್ದರಿಂದ ಶೂ ಹಾಕಿಕೊಂಡು, ಕೈಯಲ್ಲಿ ಕ್ಲಬ್ ಹಿಡಿದು, ಆಡುವ ಭಂಗಿಯಲ್ಲೇ ನಿಂತು, ಕೋರ್ಸಿನಲ್ಲಿ ನಿಮ್ಮನ್ನು ಕಾಡುವ ಆ ಕೆರೆಯಿರುವ ಹೋಲ್‌ನಲ್ಲಿ (ಕೋರ್ಸಿನ ಆ ಭಾಗದಲ್ಲಿ) ಆಗುವ ಎದೆಬಡಿತವನ್ನೂ ಸೇರಿಸಿಕೊಂಡು ಕಲ್ಪಿಸಿಕೊಳ್ಳಿ. ಆದರೆ ರೇಂಜ್‌ಗೆ ಹೋಗುವುದನ್ನು ಬಿಡಬೇಡಿ; ಕೈಗೆ ಬಾರದ ಹೊಡೆತವನ್ನು ಕಲ್ಪನೆಯೊಂದೇ ಕಲಿಸುವುದಿಲ್ಲ.

ಮೂರನೆಯ ಉತ್ತರ: ನನಗೆ ಮನಸ್ಸಿನಲ್ಲಿ ಚಿತ್ರವೇ ಮೂಡುವುದಿಲ್ಲ, ಹಾಗಿರುವವರು ಇನ್ನೂ ಅನೇಕರಿದ್ದಾರೆ. ನಾನು ಚೆಂಡಿನ ಪಕ್ಕದಲ್ಲಿ ಒಂದು ಅಭ್ಯಾಸದ ಸ್ವಿಂಗ್ ಮಾಡಿ, ಕ್ಲಬ್ ಹುಲ್ಲನ್ನು ಸವರುವ ಸದ್ದನ್ನೂ ಕೊನೆಯಲ್ಲಿ ಎಡಗಾಲಿನ ಮೇಲೆ ಬೀಳುವ ಭಾರವನ್ನೂ ನೆನಪಿನಲ್ಲಿ ಹಿಡಿದು, ಅದು ಆರುವ ಮುನ್ನವೇ ಹೊಡೆಯುತ್ತೇನೆ. ಸರದಿ ಬಂದ ಮೇಲೆ 40 ಸೆಕೆಂಡುಗಳೊಳಗೆ ಹೊಡೆಯಬೇಕೆಂದು ಆಟದ ನಿಯಮಗಳೇ ಸೂಚಿಸುತ್ತವೆ. ಆದ್ದರಿಂದ ಜೊತೆಗಾರರು ಹೊಡೆಯುತ್ತಿರುವಾಗಲೇ ನಿಮ್ಮ ತಾಣವನ್ನು ಆರಿಸಿಟ್ಟುಕೊಳ್ಳಿ.