ಕೇರ್ ಹೋಮಲ್ಲಿ ಅಜ್ಜಿ ತೋಳಿನ ಮೇಲೆ ಬೆರಳಿನ ಗುರುತು, ಮ್ಯಾನೇಜರ್ ಬಿಟ್ಬಿಡು ಅಂತಾರೆ, ಕೌನ್ಸಿಲ್‌ಗೆ ಹೇಳ್ಬಹುದಾ?

ಹಾಸನದವಳು:
ಎಲ್ರಿಗೂ ನಮಸ್ಕಾರ. ಇಂಗ್ಲೆಂಡಲ್ಲಿ ಮಿಡ್‌ಲ್ಯಾಂಡ್ಸ್ ಕಡೆ ಒಂದು ಕೇರ್ ಹೋಮಲ್ಲಿ ನೈಟ್ ಶಿಫ್ಟ್ ಕೇರರ್ ನಾನು, ಬಂದು ಒಂದೂವರೆ ವರ್ಷ ಆಯ್ತು, 2024ರ ಮಾರ್ಚಲ್ಲಿ ಕೇರರ್‌ಗಳು ಫ್ಯಾಮಿಲಿ ಕರ್ಕೊಂಬರಂಗಿಲ್ಲ ಅಂತ ರೂಲ್ಸ್ ಮಾಡಿದ್ರಲ್ಲ ಅದಾದ್ಮೇಲೆ ಬಂದಿದ್ದು, ಹಾಗಾಗಿ ಗಂಡ ಮಗಳು ಇಬ್ರೂ ಊರಲ್ಲೇ ಇದಾರೆ. ವೀಸಾ ಈ ಕಂಪನಿ ಸ್ಪಾನ್ಸರ್‌ಶಿಪ್ ಮೇಲೇ ನಿಂತಿದೆ.

ನಮ್ಮಲ್ಲಿ ಒಬ್ರು ಅಜ್ಜಿ ಇದಾರೆ, ಡಿಮೆನ್ಷಿಯಾ ಅಂದ್ರೆ ಮರೆವಿನ ಕಾಯಿಲೆ, ಹಾಸಿಗೆ ಬಿಟ್ಟು ಏಳಲ್ಲ. ಎರಡು ಗಂಟೆಗೊಂದ್ಸಲ ಮಗ್ಗುಲು ಬದಲಾಯಿಸ್ಬೇಕು, ಇಲ್ಲಾಂದ್ರೆ ಬೆನ್ನು ಹುಣ್ಣಾಗುತ್ತೆ. ಹೋದ ವಾರ ನೈಟಿ ಬದಲಾಯಿಸ್ತಾ ನೋಡ್ತೀನಿ, ತೋಳಿನ ಒಳಗಡೆ ಸಾಲಾಗಿ ನಾಲ್ಕು ನೀಲಿ ಗುರುತು, ಹಿಂದುಗಡೆ ಒಂದು ದಪ್ಪಂದು. ನನ್ನ ಬೆರಳು ಅದ್ರ ಮೇಲೆ ಇಟ್ಟು ನೋಡ್ದೆ, ಸರಿಯಾಗಿ ಕೂತ್ಕೊಂತು. ಅದೇ ರಾತ್ರಿ 2 ಗಂಟೆಗೆ ಮಗ್ಗುಲು ಬದಲಾಯಿಸಿದ್ದು ಬರೆಯೋ ಚಾರ್ಟ್ ತೆಗೆದ್ರೆ 4 ಗಂಟೆದು 6 ಗಂಟೆದು ಆಗ್ಲೇ ತುಂಬ್ಸಿ ಸಹಿ ಹಾಕಿದಾರೆ, ಎಡ ಬಲ ಅಂತ ಒಂದೇ ಪೆನ್ನಲ್ಲಿ.

ಬೆಳಿಗ್ಗೆ ಹ್ಯಾಂಡೋವರಲ್ಲಿ ಸೀನಿಯರ್‌ಗೆ ಹೇಳ್ದೆ, ಆಮೇಲೆ ಮ್ಯಾನೇಜರ್‌ಗೆ ಹೇಳ್ದೆ. ವಯಸ್ಸಾದವ್ರ ಚರ್ಮ ತೆಳು, ಮುಟ್ಟಿದ್ರೆ ನೀಲಿಯಾಗುತ್ತೆ, ಇದನ್ನ ದೊಡ್ಡದು ಮಾಡ್ಬೇಡ ಅಂದ್ರು. ಇದಾದ್ಮೇಲೆ ನಂಗೆ ಸರಿಯಾಗಿ ನಿದ್ದೆ ಬಂದಿಲ್ಲ, ನಮ್ಮಜ್ಜಿಗೆ ಯಾರಾದ್ರೂ ಹಿಂಗೆ ಮಾಡಿದ್ರೆ ಅನ್ಸುತ್ತೆ. ಕೌನ್ಸಿಲ್‌ಗೆ, ಅಂದ್ರೆ ಇಲ್ಲಿನ ಸ್ಥಳೀಯ ಆಡಳಿತಕ್ಕೆ ಹೇಳ್ಬಹುದಂತೆ, ನಿಜಾನಾ? ಹೇಳಿದ್ರೆ ಅವ್ರು ಏನ್ಮಾಡ್ತಾರೆ, ತಿರುಗಿ ನಮ್ಮ ಮ್ಯಾನೇಜರ್‌ನೇ ಕೇಳಿದ್ರೆ ನನ್ನ ಗತಿ ಏನು?

ಕಾವೇರಿತೀರ:
ಸಿಸ್ಟರ್ ನಿಮ್ಮ ಸಂಕಟ ಅರ್ಥ ಆಗುತ್ತೆ, ಆದ್ರೆ ಮೊದ್ಲು ವೀಸಾ ನೋಡ್ಕೊಳ್ಳಿ. ನಮ್ಮ ಫ್ರೆಂಡ್ ಒಬ್ಬನನ್ನ ಹಿಂಗೇ ಏನೋ ಕೇಳಿದ್ದಕ್ಕೆ ಕೆಲಸದಿಂದ ತೆಗೆದ್ರು, ವೀಸಾ ನೋಡ್ಕೊಳ್ಳೋ ಹೋಮ್ ಆಫೀಸಿಂದ ಲೆಟರ್ ಬಂತು, 60 ದಿನದಲ್ಲಿ ಬೇರೆ ಸ್ಪಾನ್ಸರ್ ಹುಡುಕು ಇಲ್ಲಾ ಹೊರಡು ಅಂತ. ಏಜೆಂಟ್ ಸಾಲ ಹಂಗೇ ಇತ್ತು ಪಾಪ. ಬೇರೆ ಕೆಲಸ ಸಿಕ್ಕಿದ್ಮೇಲೆ ಹೇಳಿದ್ರೆ ಆಗಲ್ವಾ?

ಶಿವಮೊಗ್ಗದ ಸುಮಕ್ಕ:
ನಾನು ಇಲ್ಲಿ ಒಂದು ಕೌನ್ಸಿಲಲ್ಲಿ ಅಡಲ್ಟ್ ಸೋಶಿಯಲ್ ವರ್ಕರ್. ಕಾವೇರಿತೀರ ಅವ್ರೇ, 60 ದಿನದ ಭಯ ಸುಳ್ಳಲ್ಲ, ಅದನ್ನ ಸಣ್ಣದು ಮಾಡಿ ನಾನು ಮಾತಾಡಲ್ಲ. ಆದ್ರೆ ಆ ಅಜ್ಜಿ ಬಾಯಿ ಬಿಟ್ಟು ಹೇಳಕ್ಕಾಗಲ್ಲ, ನಿಮಗೆ ಬೇರೆ ಕೆಲಸ ಸಿಗೋವರೆಗೂ ಅವ್ರ ತೋಳು ಕಾಯಲ್ಲ.

ತಂಗಿ, ಹೇಳ್ಬಹುದು, ಹೇಳ್ಬೇಕು. ಕೇರ್ ಆಕ್ಟ್ 2014 ಅಂತ ಇದೆ, ಅದ್ರಲ್ಲಿ ಸೆಕ್ಷನ್ 42. ಆರೈಕೆ ಬೇಕಾದ ಒಬ್ರು, ಅವ್ರಿಗೆ ಹಿಂಸೆನೋ ನಿರ್ಲಕ್ಷ್ಯನೋ ಆಗ್ತಿದೆ ಇಲ್ಲಾ ಆಗೋ ಅಪಾಯ ಇದೆ, ಆರೈಕೆ ಬೇಕಾದ ಸ್ಥಿತಿ ಕಾರಣಕ್ಕೇ ತಮ್ಮನ್ನ ತಾವು ಕಾಪಾಡ್ಕೊಳಕ್ಕಾಗ್ತಿಲ್ಲ, ಹಿಂಗಿದೆ ಅಂತ ಅನುಮಾನಕ್ಕೆ ಕಾರಣ ಇದ್ರೆ ಸಾಕು, ಕೌನ್ಸಿಲ್ ವಿಚಾರಣೆ ಮಾಡ್ಲೇಬೇಕು. ಪುರಾವೆ ತರೋದು ನಿಮ್ಮ ಕೆಲಸ ಅಲ್ಲ. ಅಜ್ಜಿ ಸ್ವಂತ ದುಡ್ಡಲ್ಲಿ ಇದ್ರೂ ಅಷ್ಟೇ, ಬೇರೆ ಊರಿನ ಕೌನ್ಸಿಲ್ ದುಡ್ಡು ಕೊಡ್ತಿದ್ರೂ ಅಷ್ಟೇ, ಹೋಮ್ ಯಾವ ಕೌನ್ಸಿಲ್ ಜಾಗದಲ್ಲಿದೆಯೋ ಅವ್ರಿಗೆ ಫೋನ್ ಮಾಡಿ. ವೆಬ್‌ಸೈಟಲ್ಲಿ ಅಡಲ್ಟ್ ಸೇಫ್‌ಗಾರ್ಡಿಂಗ್ (ದೊಡ್ಡವ್ರನ್ನ ಹಿಂಸೆ ನಿರ್ಲಕ್ಷ್ಯದಿಂದ ಕಾಪಾಡೋದು) ಅಂತ ಹುಡುಕಿದ್ರೆ ನಂಬರ್ ಸಿಗುತ್ತೆ, ರಾತ್ರಿ ಆದ್ರೆ ಎಮರ್ಜೆನ್ಸಿ ಡ್ಯೂಟಿ ಟೀಮ್ ಇರುತ್ತೆ, ಕಣ್ಮುಂದೆ ಹೊಡೀತಿದ್ರೆ 999ಕ್ಕೆ, ಪೊಲೀಸ್‌ಗೆ.

ಈಗ ನಿಮ್ಮ ದೊಡ್ಡ ಭಯ. ಕಾನೂನಲ್ಲಿ ಕೌನ್ಸಿಲ್ ತಾನೇ ವಿಚಾರಣೆ ಮಾಡ್ಬಹುದು, ಬೇರೆಯವ್ರ ಕೈಲಿ ಮಾಡಿಸ್ಲೂಬಹುದು. ಎಷ್ಟೋ ಸಲ ಹೋಮ್‌ಗೇ ನೀವೇ ನೋಡಿ ವರದಿ ಕೊಡಿ ಅಂತ ಕಳಿಸ್ತೀವಿ. ಅದಕ್ಕೇ ಫೋನಲ್ಲಿ ಮೊದ್ಲ ಮಾತೇ ಇದು ಹೇಳಿ: ಮ್ಯಾನೇಜರ್‌ಗೆ ಇಂಥ ದಿನ ಹೇಳ್ದೆ, ಹಿಂಗಂದ್ರು, ಹಾಗಾಗಿ ಅವ್ರ ಕೈಗೆ ಇದನ್ನ ವಾಪಸ್ ಕೊಡ್ಬೇಡಿ. ಇದೊಂದು ಮಾತು ಹೇಳ್ದೆ ಇದ್ರಿಂದ ಕೆಟ್ಟಿರೋ ಕೇಸ್ ನಾನೇ ನೋಡಿದೀನಿ. ನಿಮ್ಮ ಹೆಸ್ರು ಕೌನ್ಸಿಲ್‌ಗೆ ಕೊಡಿ, ಆದ್ರೆ ಅದನ್ನ ಹೋಮ್‌ಗೆ ಹೇಳ್ಬೇಡಿ ಅನ್ನಿ. ಆದ್ರೆ ನೈಟಲ್ಲಿ ಇರೋದೇ ಮೂರ್ನಾಲ್ಕು ಜನ ಅಂದ್ರೆ ಯಾರು ಹೇಳಿದ್ದು ಅಂತ ಅವ್ರೇ ಊಹೆ ಮಾಡ್ಬಹುದು, ಅದು ಗೊತ್ತಿರ್ಲಿ.

ಅಜ್ಜಿ ಮೈ ಫೋಟೋ ನಿಮ್ಮ ಫೋನಲ್ಲಿ ತೆಗೀಬೇಡಿ, ಆಮೇಲೆ ಅದನ್ನೇ ನಿಮ್ಮ ಮೇಲೆ ತಿರುಗಿಸ್ತಾರೆ. ಮೈ ಚಿತ್ರದ ಮೇಲೆ ಗಾಯ ಗುರುತು ಮಾಡೋ ಬಾಡಿ ಮ್ಯಾಪ್ ಫಾರ್ಮ್ ತುಂಬಿ, ಎಲ್ಲಿ, ಎಷ್ಟು ದೊಡ್ಡದು, ಏನು ಬಣ್ಣ, ತಾರೀಕು ಸಮಯ ಹಾಕಿ. ಯಾರು ಮಾಡಿರ್ಬಹುದು ಅಂತ ಬರೀಬೇಡಿ, ಯಾರನ್ನೂ ವಿಚಾರಿಸ್ಲೂ ಬೇಡಿ.

ಕೆಲಸದ ವಿಷ್ಯಕ್ಕೆ, ವಿಸಲ್‌ಬ್ಲೋಯರ್ (ಕೆಲಸದ ಜಾಗದ ತಪ್ಪನ್ನ ಬಯಲು ಮಾಡೋರು) ರಕ್ಷಣೆ ಇಲ್ಲಿ ಕೆಲಸದ ಮೊದಲನೇ ದಿನದಿಂದಲೇ ಇದೆ. ಪ್ರೊಟೆಕ್ಟ್ ಅನ್ನೋ ಚಾರಿಟಿ ಫ್ರೀಯಾಗಿ ಸಲಹೆ ಕೊಡುತ್ತೆ, ಕೌನ್ಸಿಲ್‌ಗಿಂತ ಮುಂಚೆ ಅವ್ರ ಹತ್ರ ಮಾತಾಡಿದ್ರೂ ಒಳ್ಳೇದೇ. ಸಿಕ್ಯೂಸಿಗೂ ಹೇಳಿ, ಹೋಮ್‌ಗಳ ಇನ್‌ಸ್ಪೆಕ್ಷನ್ ಮಾಡೋದು ಅವ್ರು.

ಹುಬ್ಬಳ್ಳಿ ನರ್ಸ್:
ಸುಮಕ್ಕ ಹೇಳಿದ್ದು ಖರೇ ಐತಿ. ನಾ ಒಂದು ಮಾತು ಕೂಡಸ್ತೀನಿ ತಂಗಿ. ಬ್ರಿಸ್ಟಲ್ ಹತ್ರ ವಿಂಟರ್‌ಬೋರ್ನ್ ವ್ಯೂ ಅಂತ ಒಂದು ಪ್ರೈವೇಟ್ ಆಸ್ಪತ್ರಿ ಇತ್ತು, ಲರ್ನಿಂಗ್ ಡಿಸಬಿಲಿಟಿ (ಬುದ್ಧಿ ಬೆಳವಣಿಗಿ ತೊಂದ್ರಿ) ಇದ್ದ ಮಂದಿನ್ನ ಅಲ್ಲಿ ಇಡ್ತಿದ್ರು. ಟೆರ್ರಿ ಬ್ರಯನ್ ಅನ್ನೋ ನರ್ಸ್ ಅಲ್ಲಿ ನಡಿಯೋದು ನೋಡಿ ಮ್ಯಾನೇಜ್‌ಮೆಂಟಿಗೆ ಬರದ, ಸಿಕ್ಯೂಸಿಗೂ ತಿಳಿಸಿದ, ಯಾರೂ ಕಿವಿ ಮ್ಯಾಲೆ ಹಾಕ್ಕೊಳ್ಳಲಿಲ್ಲ. ಕಡೀಕ ಬಿಬಿಸಿ ಪನೋರಮಾದವ್ರು ಗುಪ್ತ ಕ್ಯಾಮೆರಾ ಇಟ್ಟು 2011ರ ಮೇ ತಿಂಗಳದಾಗ ತೋರ್ಸಿದ್ರು, ಹೊಡಿಯೋದು, ನೆಲಕ್ಕ ಒತ್ತಿ ಹಿಡಿಯೋದು, ನೋಡಾಕ ಆಗೂದಿಲ್ಲ. 11 ಮಂದಿಗೆ ಶಿಕ್ಷೆ ಆತು, 6 ಮಂದಿ ಜೈಲಿಗೆ ಹೋದ್ರು.

ಆಮ್ಯಾಲಿನ ವರದಿಯೊಳಗ ಏನ್ ಬಂತು ಗೊತ್ತೇನು, ಅಲ್ಲಿನ ಕೌನ್ಸಿಲಿಗೆ ಮೂರ್ನಾಕು ವರ್ಷದಾಗ 40 ಸೇಫ್‌ಗಾರ್ಡಿಂಗ್ ಅಲರ್ಟ್ ಹೋಗಿದ್ವು. 40! ಒಂದೊಂದನ್ನೂ ಬ್ಯಾರೆ ಬ್ಯಾರೆ ನೋಡಿ ಫೈಲ್ ಮುಚ್ಚಿದ್ರು, ಎಲ್ಲಾ ಒಂದು ಕಡೆ ಹರವಿ ನೋಡಲಿಲ್ಲ. ಹಿಂಗಾಗಿ ನೀ ಫೋನ್ ಮಾಡಿದಾಗ ಕೇಳು, ಈ ಹೋಮ್ ಮ್ಯಾಲೆ ಮೊದಲ ಏನರ ಬಂದೈತೇನು, ಅದನ್ನೂ ಕೂಡಿಸಿ ನೋಡ್ರಿ ಅಂತ. ಅವ್ರು ನಿನಗ ಹೇಳೂದಿಲ್ಲ, ಆದ್ರ ಕೇಳಿದ್ದು ನೋಟ್ಸ್‌ನಾಗ ಹೋಗತೈತಿ. ಮುಂದಿನ ಗಂಟೆಗಳ ಚಾರ್ಟ್ ಮೊದಲ ತುಂಬಿದ್ದು ಮರೀದೆ ಹೇಳು, ನೀಲಿ ಗುರುತಿಗೆ ತೆಳು ಚರ್ಮ ಅಂತ ನೆಪ ಹೇಳಬಹುದು, ಇದಕ್ಕೇನ್ ಹೇಳ್ತಾರ?

ಕನ್ನಡ ಕ್ಲಾಸ್ ಅಮ್ಮ:
ಮಕ್ಕಳ ಕಡೆ ಕೆಲಸ ಮಾಡೋರೂ ಇದನ್ನ ಓದ್ತಿದ್ರೆ ಅಂತ ಬರೀತಿದೀನಿ. ಭಾನುವಾರದ ಕನ್ನಡ ಕ್ಲಾಸಲ್ಲಿ ಒಬ್ಬ ವಾಲಂಟಿಯರ್ ಮಗುವಿಗೆ ಸ್ಕೇಲಲ್ಲಿ ಹೊಡೆದಿದ್ದು ಗೊತ್ತಾದಾಗ ನಮ್ಮ ಕಮಿಟಿಲಿ ಮೊದ್ಲು ಬಂದ ಮಾತು ನಮ್ಮೋರೇ ಅಲ್ವಾ, ಕರೆದು ಮಾತಾಡೋಣ ಅಂತ. ಡಿಬಿಎಸ್ (ಹಳೇ ಅಪರಾಧ ಏನಾದ್ರೂ ಇದೆಯಾ ಅಂತ ನೋಡೋ ಚೆಕ್) ಮಾಡ್ಸಿದೀವಲ್ಲ ಅಂತ ಇನ್ನೊಬ್ರು. ಮಕ್ಕಳ ಜೊತೆ ಕೆಲಸ ಮಾಡೋರ ಮೇಲೆ ದೂರು ಬಂದ್ರೆ ನೋಡಕ್ಕೆ ಕೌನ್ಸಿಲಲ್ಲೇ ಲಾಡೋ ಅಂತ ಆಫೀಸರ್ ಇರ್ತಾರೆ, ಒಂದು ವರ್ಕಿಂಗ್ ಡೇ ಒಳಗೆ ತಿಳಿಸ್ಬೇಕು. ನಾನು ಸೋಮವಾರ ಬೆಳಿಗ್ಗೆನೇ ಫೋನ್ ಮಾಡ್ದೆ. ಕೆಲವು ಮನೆಯವ್ರು ಇವತ್ತಿಗೂ ನನ್ನ ಹತ್ರ ಮಾತಾಡಲ್ಲ. ಆ ಮಗು ಕ್ಲಾಸಿಗೆ ಬರ್ತಿದೆ.

ಹಾಸನದವಳು:
ಸುಮಕ್ಕ, ಹುಬ್ಬಳ್ಳಿ ಅಣ್ಣ, ಎಲ್ರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ಪ್ರೊಟೆಕ್ಟ್‌ಗೆ ಮಾತಾಡಿ ಇವತ್ತು ಬೆಳಿಗ್ಗೆ ಶಿಫ್ಟ್ ಮುಗಿಸಿ ಬಸ್ ಸ್ಟಾಪಲ್ಲಿ ನಿಂತ್ಕೊಂಡೇ ಕೌನ್ಸಿಲ್‌ಗೆ ಫೋನ್ ಮಾಡ್ದೆ, ಕೈ ನಡುಗ್ತಿತ್ತು, ಇಂಗ್ಲಿಷ್ ಎಲ್ಲಾ ತಡವರಿಸ್ತು, ಆದ್ರೆ ಆಯಮ್ಮ ಅವಸರ ಮಾಡ್ಲಿಲ್ಲ. ಮ್ಯಾನೇಜರ್ ಕೈಗೆ ಕೊಡ್ಬೇಡಿ ಅಂತ ಮೊದ್ಲೇ ಹೇಳ್ದೆ, ಬರ್ಕೊಂಡ್ರು. ಬೇರೆ ರೆಸಿಡೆಂಟ್‌ಗಳಿಗೂ ಹಿಂಗಾಗಿದೆಯಾ ಅಂದ್ರು, ಇನ್ನೊಬ್ರು ತಾತನ ಚಾರ್ಟ್ ಬಗ್ಗೆನೂ ಹೇಳ್ದೆ. ಆಮೇಲೆ ಅಜ್ಜಿಗೆ ಏನು ಬೇಕು ಅಂತ ಯಾರಾದ್ರೂ ಅವ್ರನ್ನ ಕೇಳಿದಾರಾ ಅಂದ್ರು, ನಾನೂ ಕೇಳಿರ್ಲಿಲ್ಲ. ಅಜ್ಜಿ ಮಾತಾಡಲ್ಲ, ಆದ್ರೆ ಮಗ್ಗುಲು ತಿರುಗ್ಸೋವಾಗ ನನ್ನ ಕಿರುಬೆರಳು ಹಿಡ್ಕೊತಾರೆ, ಕೆಲವರು ಹತ್ರ ಬಂದ್ರೆ ಮುಷ್ಟಿ ಬಿಗಿ ಮಾಡ್ತಾರೆ ಅಂದೆ. ಅದನ್ನೂ ಬರ್ಕೊಂಡ್ರು. ಒಂದು ರೆಫರೆನ್ಸ್ ನಂಬರ್ ಕೊಟ್ಟಿದಾರೆ. ರಾತ್ರಿ 8ಕ್ಕೆ ಶಿಫ್ಟ್ ಇದೆ.