ಒಣ ದಾರಿಯ 38 ಕಿಲೋಮೀಟರ್: ನೀರು ಎಷ್ಟು ಹೊರಬೇಕು?

ಕುಕ್ಕರಹಳ್ಳಿ_ಬೆಳಗು: ಮೈಸೂರಿನಿಂದ ನಾವು ಮೂವರು ಏಪ್ರಿಲ್‌ನಲ್ಲಿ ಅಮೆರಿಕದ ಉದ್ದನೆಯ ಕಾಲ್ನಡಿಗೆ ದಾರಿ ಪೆಸಿಫಿಕ್ ಕ್ರೆಸ್ಟ್ ಟ್ರೇಲ್‌ನ ದಕ್ಷಿಣದ ಮರುಭೂಮಿ ಭಾಗಕ್ಕೆ ಹೊರಟಿದ್ದೇವೆ. ಸಿಸರ್ಸ್ ಕ್ರಾಸಿಂಗ್‌ನಿಂದ ಬ್ಯಾರೆಲ್ ಸ್ಪ್ರಿಂಗ್‌ವರೆಗೆ ಸುಮಾರು 38 ಕಿ.ಮೀ. ನಂಬಬಹುದಾದ ನೀರಿಲ್ಲ. ತಲೆಗೆ 4 ಲೀಟರ್ ಸಾಕಾ? ದಾರಿ ಹುಡುಕೋಕೆ ಫೋನ್ ಒಂದೇ ಸಾಕಾ?

ಸಾವಿರಮೆಟ್ಟಿಲು: ಸಾಲದು. ಬಿಸಿಲಲ್ಲಿ 5 ಕಿ.ಮೀ.ಗೆ ಒಂದು ಲೀಟರ್ ಅಂತ ಹಿಡಿದರೆ 7–8 ಆಗುತ್ತೆ. ಸ್ಯಾನ್ ಫೆಲಿಪೆ ಗುಡ್ಡಗಳಲ್ಲಿ ನೆರಳೇ ಇಲ್ಲ.

ನಾಲೆದಂಡೆ: ಎಂಟು ಲೀಟರ್ ಅಂದ್ರೆ ಎಂಟು ಕೆ.ಜಿ. ಗುರು, ಆ ಭಾರಕ್ಕೇ ಇನ್ನಷ್ಟು ಬೆವರು ಹೋಯ್ತದೆ. ನಡೆಯೋ ಹೊತ್ತು ಬದಲಾಯ್ಸಿ. ಹೊರಡೋ ಜಾಗದಲ್ಲೇ ಒಂದು ಲೀಟರ್ ಕುಡ್ಕೊಂಡು, ಸಂಜೆ ನಾಲ್ಕಕ್ಕೆ ಹತ್ತೋಕೆ ಶುರು ಮಾಡಿ, ಒಂಬತ್ತಕ್ಕೆ ಮಲಗಿ, ಬೆಳಕು ಹರಿಯೋ ಮುಂಚೆ ಎದ್ದು ನಡೀರಿ. ಒಲೆ ಹಚ್ಚದ ಊಟ ಇಟ್ಕೊಂಡ್ರೆ 6 ಲೀಟರಲ್ಲಿ ಮುಗೀತದೆ. ಮಧ್ಯೆ ಥರ್ಡ್ ಗೇಟ್ ಅನ್ನೋ ಜಾಗದ ಹತ್ರ ಸ್ವಯಂಸೇವಕರು ನೀರಿನ ಕ್ಯಾನ್ ಇಟ್ಟಿರ್ತಾರೆ.

ಸಾವಿರಮೆಟ್ಟಿಲು: ಹೊತ್ತಿನ ಮಾತು ಒಪ್ಪಿದೆ. ಕ್ಯಾನ್ ಮಾತು ಒಪ್ಪಲ್ಲ. ಅವು ಖಾಲಿ ಆಗಿದ್ರೆ ಅಲ್ಲಿಂದ ಇನ್ನೂ 16 ಕಿ.ಮೀ. ಇದೆ. ಅದನ್ನು ಲೆಕ್ಕಕ್ಕೇ ಹಿಡಿಯದೆ ಹೊರಡಬೇಕು. ಕೊನೆಯ ಒಂದು ಲೀಟರನ್ನು, ಮುಂದಿನ ನೀರು ಕಣ್ಣಿಗೆ ಬೀಳುವವರೆಗೂ ಮುಟ್ಟಬಾರದು.

ನಾಲೆದಂಡೆ: ಲೆಕ್ಕಕ್ಕೆ ಹಿಡಿಬೇಡಿ, ಸರಿ. ಆದ್ರೆ 8 ಲೀಟರ್ ಹೊತ್ತು ಮಂಡಿ ಕೆಡಿಸ್ಕೊಳ್ಳೋದೂ ಬೇಡ.
ಮುಂಚೆ ನಡೆದುಹೋದವರು ಬರೆದಿಡೋ ನೀರಿನ ವರದಿ ಓದುವಾಗ ಮೊದಲು ತಾರೀಖು ನೋಡಿ. ಏಪ್ರಿಲ್ ಮೊದಲ ವಾರ ‘ತೊಟ್ಟಿಕ್ತಿದೆ’ ಅಂತ ಬರೆದಿರೋ ಒರತೆ ಮೇ ಹೊತ್ತಿಗೆ ಬತ್ತಿರಬೋದು. ‘ಒಂದು ಲೀಟರ್ ತುಂಬೋಕೆ 3 ನಿಮಿಷ’ ಅಂತ ಬರೆದವರ ವರದಿಗೆ ಬೆಲೆ ಜಾಸ್ತಿ. ಒಣಹಳ್ಳದ ಮರಳು ತೋಡೋದು, ಕಳ್ಳಿ ಕೊಯ್ದು ರಸ ಹೀರೋದು ಎರಡೂ ಬೇಡ. ಸಿಗೋ ನೀರಿಗಿಂತ ಹೋಗೋ ಬೆವರೇ ಹೆಚ್ಚು.
ಇನ್ನೊಂದು ತಮಾಷೆ ಅಂದ್ರೆ, ಉತ್ತರಕ್ಕೆ ಹೋದ್ಮೇಲೆ ಲಾಸ್ ಏಂಜಲೀಸ್‌ಗೆ ನೀರು ಒಯ್ಯೋ ನಾಲೆ ಮೇಲೇ ದಾರಿ. 1913ರಲ್ಲಿ ಮುಗಿದದ್ದು, ನಮ್ಮ ಕನ್ನಂಬಾಡಿ ಕಟ್ಟೆ ಕೆಲಸ ಶುರುವಾಗಿ ಎರಡು ವರ್ಷಕ್ಕೆ. ನಮ್ಮ ವಿಶ್ವೇಶ್ವರಯ್ಯ ನಾಲೆ ಥರ ಬಗ್ಗಿ ಮೊಗೆಯೋಕಾಗಲ್ಲ, ಅಲ್ಲಿ ಪೈಪು, ಕಾಂಕ್ರೀಟ್ ಮುಚ್ಚಳ. ಕಾಲಡಿ ನೀರು, ಬಾಟ್ಲಿ ಖಾಲಿ!

ಪಟಿಕದ_ಚೂರು: ದನದ ತೊಟ್ಟಿಯ ಹಸಿರು ನೀರು ಸಿಕ್ಕರೆ ನೇರ ಫಿಲ್ಟರ್‌ಗೆ ಸುರಿಯಬೇಡಿ, ಹತ್ತು ಲೀಟರಿಗೇ ಕಟ್ಟಿಕೊಳ್ಳುತ್ತೆ. ಹಳೇ ಪಂಚೆಯಲ್ಲಿ ಸೋಸಿ, ಚಿಟಿಕೆ ಪಟಿಕದ ಪುಡಿ ಕಲಸಿ ಅರ್ಧ ಗಂಟೆ ಬಿಟ್ಟು, ಮೇಲಿನ ತಿಳಿ ಮಾತ್ರ ಹಾಯಿಸಿ. ಆಮೇಲೆ ಶುದ್ಧ ನೀರನ್ನು ಸಿರಿಂಜಲ್ಲಿ ಹಿಮ್ಮುಖವಾಗಿ ತಳ್ಳಿ ಫಿಲ್ಟರ್ ತೊಳೆಯಿರಿ. ಆ ನೀರಿಗೂ ಲೆಕ್ಕ ಇಟ್ಟುಕೊಳ್ಳಿ. ಮರುಭೂಮಿಯಲ್ಲೂ ರಾತ್ರಿ ಸೊನ್ನೆಗಿಂತ ಕೆಳಗೆ ಇಳಿಯಬಹುದು. ಒದ್ದೆ ಫಿಲ್ಟರ್ ಒಮ್ಮೆ ಹೆಪ್ಪುಗಟ್ಟಿದರೆ ಒಳಗಿನ ಎಳೆಗಳು ಒಡೆಯುತ್ತವೆ, ಹೊರಗಿಂದ ಏನೂ ಕಾಣಲ್ಲ. ಮಲಗುವಾಗ ಸ್ಲೀಪಿಂಗ್ ಬ್ಯಾಗ್ ಒಳಗೇ ಇರಲಿ.
ಬರೀ ನೀರನ್ನೇ ಅತಿಯಾಗಿ ಕುಡಿದರೆ ರಕ್ತದ ಸೋಡಿಯಂ ಇಳಿದು ತಲೆನೋವು, ವಾಕರಿಕೆ ಬರಬಹುದು. ಆಗ ಇನ್ನಷ್ಟು ನೀರು ಕುಡಿದರೆ ಇನ್ನೂ ಕೆಡುತ್ತೆ. ಉಪ್ಪಿರೋ ತಿಂಡಿ ಜೊತೆಗಿರಲಿ.

ಉತ್ತರಮುಖಿ: ದಾರಿ ವಿಷಯ. ನೆಟ್‌ವರ್ಕ್ ಇಲ್ಲದಿದ್ದರೂ ಜಿಪಿಎಸ್ ನಡೆಯುತ್ತೆ, ಆದರೆ ನಕ್ಷೆ ಮೊದಲೇ ಡೌನ್‌ಲೋಡ್ ಆಗಿರಬೇಕು. ಬಿಸಿಲಿಗೆ ಫೋನ್ ಕಾದು ತಾನೇ ಆಫ್ ಆಗುವುದೂ ಉಂಟು, ಹಾಗಾಗಿ ಕಾಗದದ ನಕ್ಷೆ ಬೇಕು.
ಜನ ತಪ್ಪುವುದು ಹೆಚ್ಚಾಗಿ ಒಣಹಳ್ಳ ದಾಟುವಲ್ಲಿ. ಮರಳಿನ ಮೇಲೆ ಹತ್ತಾರು ಹೆಜ್ಜೆ ಗುರುತು ಕೆಳಮುಖವಾಗಿ ಹೋಗಿರುತ್ತವೆ, ಅವೂ ದಾರಿ ತಪ್ಪಿದವರದ್ದೇ. ಹಳ್ಳಕ್ಕೆ ಇಳಿಯುವ ಮುಂಚೆಯೇ ನಿಂತು ಎದುರು ದಡದಲ್ಲಿ ದಾರಿ ಗುರುತಿಗೆ ಪೇರಿಸಿಟ್ಟ ಕಲ್ಲುಗುಪ್ಪೆ ಹುಡುಕಿ. ಕಾಣದಿದ್ದರೆ ಕೊನೆಯ ಗುರುತಿಗೆ ವಾಪಸ್.

ಕುಕ್ಕರಹಳ್ಳಿ_ಬೆಳಗು: ದಿಕ್ಸೂಚಿ ಇಲ್ಲೇ ತಗೊಂಡ್ರೆ ಆಗುತ್ತಾ ಸಾರ್?

ಉತ್ತರಮುಖಿ: ಬೇಡ. ನಮ್ಮ ಕಡೆ ಭೂಮಿಯ ಕಾಂತರೇಖೆಗಳು ಹೆಚ್ಚುಕಮ್ಮಿ ಅಡ್ಡಡ್ಡ, ಅಲ್ಲಿ ನೆಲದೊಳಕ್ಕೆ ಕಡಿದಾಗಿ ಬಾಗಿವೆ. ಇಲ್ಲಿಗೆ ಸಮತೂಕ ಮಾಡಿದ ಮುಳ್ಳಿನ ಉತ್ತರದ ತುದಿ ಅಲ್ಲಿ ತಳಕ್ಕೆ ಉಜ್ಜುತ್ತೆ. ಅಲ್ಲೇ ಕೊಳ್ಳಿ, ಇಲ್ಲವೇ ಎಲ್ಲ ಕಡೆಗೂ ಹೊಂದುವ ‘ಗ್ಲೋಬಲ್’ ಮುಳ್ಳಿನದು ತರಿಸಿ. ಅಲ್ಲಿ ಮುಳ್ಳು ನಿಜವಾದ ಉತ್ತರದಿಂದ ಸುಮಾರು 11 ಡಿಗ್ರಿ ಪೂರ್ವಕ್ಕಿರುತ್ತೆ. ಅದನ್ನು ಸರಿಪಡಿಸದಿದ್ದರೆ ಒಂದು ಕಿ.ಮೀ.ಗೆ 190 ಮೀಟರ್ ಪಕ್ಕಕ್ಕೆ ಹೋಗ್ತೀರಿ, ಗಿಡಮರೆಯ ಒರತೆ ಕಾಣದೇ ದಾಟಿಹೋಗುವುದಕ್ಕೆ ಅಷ್ಟೇ ಸಾಕು.