ಸಹಾಯ ಬೇಕು: ಮೀನು ಹುರಿಯಲು ಯಾವ ಸ್ಟೀಲ್ ಫ್ರೈ ಪ್ಯಾನ್ ಒಳ್ಳೆಯದು?

ನಮಸ್ಕಾರ. ನಾವು ಬದಿಯಡ್ಕದವರು. ನಾನ್‌ಸ್ಟಿಕ್ ಪ್ಯಾನಿನ ಕೋಟಿಂಗ್ ಏಳುತ್ತಿದೆ, ಇನ್ನು ಸ್ಟೀಲೇ ಸಾಕು ಅಂತ ತೀರ್ಮಾನ. ಗ್ಯಾಸ್, ಇಂಡಕ್ಷನ್ ಎರಡಕ್ಕೂ ಆಗಬೇಕು.

ನಡುವೆ ಅಲ್ಯೂಮಿನಿಯಂ ಪದರ ಇರುವ ಟ್ರೈಪ್ಲೈ (ಮೂರು ಪದರದ) ಪ್ಯಾನ್ ಆದರೆ ಬಿಸಿ ಸಮನಾಗಿ ಹರಡುತ್ತದೆ, ಅದು ಗೊತ್ತು. ಆದರೆ ಕೆಲವು ಪ್ಯಾನ್‌ಗಳಲ್ಲಿ ಆ ಪದರ ತಳಕ್ಕೆ ಮಾತ್ರ, ಕೆಲವದರಲ್ಲಿ ಅಂಚಿನವರೆಗೂ. ಬಂಗುಡೆ ಹುರಿಯಲು ಅಂಚಿಗೆ ಯಾಕೆ ದುಡ್ಡು, ಸುಮ್ನೆ ಅಲ್ವಾ? ಒಳಗೆ 304 ಗ್ರೇಡ್ ಸ್ಟೀಲ್, ಹೊರಗೆ ಇಂಡಕ್ಷನ್‌ಗೆ ಬೇಕಾದಂತೆ ಅಯಸ್ಕಾಂತ ಹಿಡಿಯುವ 430 ಗ್ರೇಡ್ ಸ್ಟೀಲ್ ಇದ್ದರೆ ಸಾಕಾ?

ಪ್ಯಾನ್ ಚೆನ್ನಾಗಿ ಕಾದ ಮೇಲೆ ತೆಂಗಿನೆಣ್ಣೆ ಹಾಕಿದರೆ ಮೀನು ಅಂಟುವುದಿಲ್ಲ ಅನ್ನುತ್ತಾರೆ. ಬಳಸುತ್ತಿರುವವರು ನಿಜ ಹೇಳಿ. ನಾಲ್ಕು ಜನಕ್ಕೆ 24 ಸೆಂ.ಮೀ. ಸಾಕಾ, 28 ಬೇಕಾ? ಜಾಸ್ತಿ ಭಾರ ಬೇಡ, ಅಮ್ಮನೂ ಎತ್ತಬೇಕು. ಕಾಸರಗೋಡು ಅಥವಾ ಮಂಗಳೂರಿನಲ್ಲಿ ಕೈಯಲ್ಲಿ ಹಿಡಿದು ನೋಡಿ ಕೊಳ್ಳುವ ಅಂಗಡಿ ಇದ್ದರೆ ತಿಳಿಸಿ.